ಕಂಡದ್ದು ಹೇಳು

"ಎರಡು ಬಡಿತ, ಆಮೇಲೆ ತೇಲಾಟ," ಎಂದಳು ತಂಗಿ, ದುರ್ಬೀನನ್ನು ಕಣ್ಣಿನಿಂದ ಇಳಿಸದೆ. "ರೆಕ್ಕೆ ತುದಿ ದುಂಡಗಿದೆ. ಬಾಲ ಉದ್ದ. ಅಣ್ಣ, ಇದು..."

"ಹೆಸರು ಹೇಳಬೇಡ. ಕಂಡದ್ದು ಹೇಳು. ಎದೆ ಹೇಗಿದೆ?"

"ಉದ್ದುದ್ದ ಗೀರು. ಬೆನ್ನು ಕಂದು."

"ಗಿಡುಗ. ಮರಿ. ಗೂಡು ಬಿಟ್ಟು ಇನ್ನೂ ವರ್ಷ ತುಂಬಿಲ್ಲ!" ಅಣ್ಣ ಹಿಂದಕ್ಕೆ ಕೂಗಿದ.

ಹಿಂದೆ ಕೊಡೆಯ ನೆರಳಿನಲ್ಲಿ ಕೂತಿದ್ದ ಪಕ್ಷಿವೀಕ್ಷಕರ ಸಂಘದ ಕಾರ್ಯದರ್ಶಿ ಬರೆದುಕೊಂಡರು. "ಕಣ್ಣು ಅಂದ್ರೆ ನಿಮ್ಮಣ್ಣಂದು ಕಣ್ಣು!" ಎಂದರು.

ಅಡುಗೆ ಮಾಡಿದವಳು ಒಬ್ಬಳು, ಬಡಿಸಿ ಹೆಸರು ಮಾಡಿಕೊಂಡವನು ಇನ್ನೊಬ್ಬ. ತಂಗಿ ತುಟಿ ಕಚ್ಚಿಕೊಂಡಳು. ಚಿಕ್ಕಂದಿನಲ್ಲಿ ಗಾಳಿಪಟ ಹಿಡಿದು ಎದುರು ಗಾಳಿಗೆ ಓಡುತ್ತಿದ್ದುದು ಇವಳು. ದಾರ ಮಾತ್ರ ಅವನ ಕೈಯಲ್ಲಿ.

ನಿಜ, ಗಿಡುಗ ನೋಡುವುದನ್ನು ಕಲಿಸಿದವನು ಅವನೇ. ಎದೆಯ ಮೇಲೆ ಉದ್ದ ಗೀರಿದ್ದರೆ ಮರಿ, ಅಡ್ಡ ಗೆರೆಯಿದ್ದರೆ ಬಲಿತ ಹಕ್ಕಿ. ಎಳೆಯದಕ್ಕೆ ಹಳದಿ ಕಣ್ಣು, ವಯಸ್ಸಾದಂತೆ ಕೆಂಪು. ಆಗೆಲ್ಲ ಇವಳು ದುರ್ಬೀನು ಎತ್ತುವುದರೊಳಗೆ ಅವನು ಹೆಸರು, ವಯಸ್ಸು ಎರಡೂ ಕೂಗಿಬಿಡುತ್ತಿದ್ದ. ಈ ಸಲ ವಲಸೆ ಹಕ್ಕಿಗಳ ಎಣಿಕೆ ಶುರುವಾದಾಗಿನಿಂದ ಅವನಿಗೆ ಪಾಠ ಹೇಳುವ ಚಟ ಹತ್ತಿತ್ತು. ಜೊತೆಗೆ ದೊರೆತನ ಬೇರೆ. ಗುಡ್ಡ ಹತ್ತುವಾಗ ಇವಳ ಹೆಗಲ ಮೇಲೆ ಕೈ ಹಾಕಿ, "ನಿನ್ನ ಮಂಡಿ ಮೇಲೆ ನಂಗೆ ನಂಬಿಕೆ ಇಲ್ಲ ಕಣೇ, ಅದಕ್ಕೇ ಹಿಡ್ಕೊಂಡಿದೀನಿ" ಎನ್ನುತ್ತಿದ್ದ. ಟೀ ಬೇಕಾದರೆ ಸುಮ್ಮನೆ ಅಂಗೈ ಚಾಚುತ್ತಿದ್ದ. ಲೋಟ ತಾನಾಗಿ ಬಂದು ಕೂರಬೇಕು.

ಕಣಿವೆಯ ಆಚೆ ಗುಡ್ಡದ ಎಣಿಕೆಗೆ ಒಬ್ಬ ಮುಖ್ಯಸ್ಥರು ಬೇಕಾಗಿದ್ದರು. ತಾವಾಗಿಯೇ ಗುರುತಿಸಬಲ್ಲವರು. ತಂಗಿಗೆ ಆ ಗುಡ್ಡ ಬೇಕಿತ್ತು. "ನಿಮ್ಮ ಹತ್ರ ಒಂದು ಮಾತಿದೆ," ಎಂದು ಬೆಳಿಗ್ಗೆಯೇ ಕಾರ್ಯದರ್ಶಿಯ ಕಿವಿಗೆ ಹಾಕಿದ್ದಳು. ಆದರೆ ಅಣ್ಣ ಕೂಗುವುದೆಲ್ಲ ನಾನು ಕಂಡದ್ದೇ ಎಂದರೆ ನಂಬುವವರು ಯಾರು? ಅವನೇ ಸಿಕ್ಕಿಬೀಳಬೇಕು.

ಆಗ ಇನ್ನೊಂದು ಗಿಡುಗ ಬಂದು ಎದುರಿನ ಬೋಳುಮರದ ಮೇಲೆ ಕೂತಿತು. ನೇಯ್ದ ಬಟ್ಟೆಯಂಥ ಎದೆ, ತುಂಬ ಅಡ್ಡ ಗೆರೆ. ಕಣ್ಣು ಕೆಂಪು. ದುರ್ಬೀನು ಹಿಡಿದವರು ಯಾರೂ ತಪ್ಪುವಂತಿರಲಿಲ್ಲ.

"ಬೋಳುಮರದಲ್ಲೊಂದು ಗಿಡುಗ ಕೂತಿದೆ," ಎಂದಳು.

ಅಣ್ಣನ ದುರ್ಬೀನು ಅತ್ತ ತಿರುಗಿತು. "ಹೂಂ. ಎದೆ?"

"ಉದ್ದುದ್ದ ಗೀರು."

"ಕಣ್ಣು?"

"ಹಳದಿ." ಹಸಿ ಸುಳ್ಳು. ನಾಲಿಗೆ ತಡವರಿಸಲಿಲ್ಲ. ಅವನೇ ನೋಡಿದರೆ ಬೈಯುತ್ತಾನೆ. ಸೋಮಾರಿತನದಿಂದ ಇವಳ ಮಾತನ್ನೇ ಒಪ್ಪಿಸಿದರೆ, ಕೋಳಿ ಬುಟ್ಟಿಯೊಳಗೆ.

"ಮರಿ!" ಎಂದು ಕೂಗಿದ ಅಣ್ಣ.

"ಕೂತಿದೆಯಾ? ಹಾಗಾದ್ರೆ ನಾನೂ ಒಂದು ಸಲ ನೋಡ್ತೀನಿ, ಇರಿ," ಎಂದು ಕಾರ್ಯದರ್ಶಿ ಎದ್ದು, ತಮ್ಮ ದುರ್ಬೀನಿಗಾಗಿ ಚೀಲ ತಡಕಾಡತೊಡಗಿದರು.

ಅಣ್ಣನ ಮುಖ ಬಾಡುವುದನ್ನು ತಂಗಿಗೆ ಕಣ್ತುಂಬ ನೋಡಬೇಕಿತ್ತು. ಇಷ್ಟು ದಿನ ಅವನ ಪಕ್ಕದಲ್ಲಿ, ಒಂದು ಮೊಳ ಹಿಂದೆ ಕೂತೇ ಅಭ್ಯಾಸ. ಇವತ್ತು ಎದ್ದು ನಾಲ್ಕು ಹೆಜ್ಜೆ ಮುಂದೆ ಹೋಗಿ, ಅವನಿಗೆ ಎದುರಾಗಿ ನಿಂತಳು.

ಅವಳ ಕಣ್ಣು ಅವನ ದುರ್ಬೀನಿನ ಮೇಲೆ ನಿಂತಿತು.

ಕಾರ್ಯದರ್ಶಿಗೆ ದುರ್ಬೀನು ಸಿಕ್ಕಿತ್ತು. ಕೊರಳಿಗೆ ಹಾಕಿಕೊಳ್ಳುತ್ತಿದ್ದರು.

"ಅಯ್ಯೋ, ತಡೀರಿ ತಡೀರಿ," ಎಂದಳು ತಂಗಿ. "ತಪ್ಪು ನಂದೇ. ಬಿಸಿಲಿಗೆ ಏನೇನೋ ಕಾಣ್ತು. ಗೆರೆ ಅಡ್ಡ ಇದೆ ಅಣ್ಣ, ಎದೆ ತುಂಬ. ಕಣ್ಣು ಕೆಂಡದ ಹಾಗಿದೆ."

ಅಣ್ಣ ದುರ್ಬೀನನ್ನು ಎದೆಗೆ ಇಳಿಸಿದ.

"ಮತ್ತೆ? ಬಲಿತ ಹಕ್ಕಿ ಅದು, ಅಜ್ಜ!" ಎಂದ ಆಮೇಲೆ. "ನೋಡಿ ಹೇಳೇ ಅಂದ್ರೆ ಕನಸು ಕಂಡು ಹೇಳ್ತಾಳೆ. ನಂಬಿ ಕೆಟ್ಟೆ."

ಕಾರ್ಯದರ್ಶಿ ಬೋಳುಮರದತ್ತ ನೋಡಿ ತಲೆದೂಗಿದರು. "ಹೌದು ಹೌದು, ಅಜ್ಜನೇ. ಕನ್ನಡಕ ಬದಲಾಯಿಸ್ಕೊಳ್ಳಿ ಅಮ್ಮ."

"ಬದಲಾಯಿಸ್ಬೇಕು. ವಯಸ್ಸಾಯ್ತಲ್ಲ," ಎಂದಳು ತಂಗಿ.

"ಏನೋ ಮಾತಿದೆ ಅಂದಿದ್ರಲ್ಲ ಬೆಳಿಗ್ಗೆ?"

"ಟೀ ಆರಿಹೋಗ್ತಿದೆ ಅಂತ ಹೇಳೋಣ ಅಂದ್ಕೊಂಡೆ."

ಲೋಟಕ್ಕೆ ಟೀ ಬಗ್ಗಿಸಿ ಅಣ್ಣನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ಲೋಟದ ಸುತ್ತ ತಾನೇ ಮಡಿಸಿದಳು. ಆಚೆ ಗುಡ್ಡ ಎಲ್ಲಿ ಓಡಿಹೋಗುತ್ತದೆ? ನಾಳೆಯಿಂದ ಹಕ್ಕಿ ಎಡವೋ ಬಲವೋ, ಎಷ್ಟು ಎತ್ತರ ಎನ್ನುವುದನ್ನೂ ಸೇರಿಸಿ ಹೇಳಬೇಕು. ಹಾಗೆಂದುಕೊಂಡಳು, ಯಾರಿಗೂ ಹೇಳಲಿಲ್ಲ.

ಟೀ ಮುಗಿಸಿ ಅಣ್ಣ ಮತ್ತೆ ದುರ್ಬೀನು ಏರಿಸಿದ. ಬಲು ಗಂಭೀರವಾಗಿ ಆಕಾಶವನ್ನು ಜಾಲಾಡತೊಡಗಿದ.

ದುರ್ಬೀನಿನ ಮುಂದಿನ ಎರಡೂ ಗಾಜಿಗೆ ಕಪ್ಪು ಮುಚ್ಚಳ ಬೆಳಗಿನಿಂದ ಹಾಕಿದ ಹಾಗೆಯೇ ಇತ್ತು.