ಹದಿನೇಳನೆಯ ತುಣುಕು

ಫೋನು ಮೂರನೇ ಸಲ ರಿಂಗಾದಾಗಲೂ ಗುಲನಾಜಳ ಎರಡೂ ಕೈಯಲ್ಲಿ ಹಗ್ಗವಿತ್ತು. ಕುಡಚಿ ಸ್ಟೇಷನ್ ರಸ್ತೆಯ ಬೇವಿನ ಮರದಡಿ ಊರಿನ ರೈತ ರಾವಸಾಹೇಬರ ಎತ್ತನ್ನು ಕೆಡವಿ, ಅವಳ ಅಪ್ಪ ದಸ್ತಗೀರ ಗೊರಸಿಗೆ ಕಬ್ಬಿಣದ ನಾಲು ಬಡಿಯುತ್ತಿದ್ದ. ಪುಣೆಯ ಪ್ರಯೋಗಾಲಯದಿಂದ ನಾಲ್ಕು ದಿನದ ರಜೆಗೆ ಬಂದ ಮಗಳು, ಚಿಕ್ಕಂದಿನಂತೆಯೇ, ಎತ್ತಿನ ತಲೆ ಅಲುಗದಂತೆ ಹಗ್ಗ ಬಿಗಿಹಿಡಿದು ಕೂತಿದ್ದಳು.

"ಪುಣೇದಿಂದ ಐತಿ ಅಬ್ಬಾ. ಪ್ರಾಜಕ್ತಾ."

"ಇನ್ನೊಂದ ಮೊಳಿ ಉಳದೈತಿ. ಹಗ್ಗ ಬಿಡಬ್ಯಾಡ."

ರಾವಸಾಹೇಬರೇ ಫೋನೆತ್ತಿ ಅವಳ ಕಿವಿಗೆ ಹಿಡಿದರು. ಆ ಕಡೆಯಿಂದ ಜೊತೆಗಾರ್ತಿ ಪ್ರಾಜಕ್ತಾ ಮರಾಠಿಯಲ್ಲಿ ಒಂದೇ ಸಮನೆ ಕೂಗುತ್ತಿದ್ದಳು: ಹರಳು ಕಟ್ಟಿದೆ, ಎಕ್ಸ್-ರೇ ಹಾಯಿಸಿದರೆ ಚುಕ್ಕೆಗಳು ಸಾಲುಸಾಲಾಗಿ ಮೂಡಿವೆ, ಗೈಡ್ ಸರ್ ಎದ್ದು ನಿಂತು ಚಪ್ಪಾಳೆ ತಟ್ಟಿದರು! ಗುಲನಾಜಳ ಕಣ್ಣು ತುಂಬಿತು. ಹಗ್ಗ ಮಾತ್ರ ಸಡಿಲಾಗಲಿಲ್ಲ.

ಕೆಲಸ ಮುಗಿದು ಎತ್ತು ಎದ್ದು ಮೈ ಕೊಡವಿತು. "ಯಾಕವ್ವ, ಅಳಾಕತ್ತಿ?" ರಾವಸಾಹೇಬರು ಕೇಳಿದರು.

"ಖುಷಿಗೆ ಕಾಕಾ. ಟಿಬಿ ರೋಗಾಣುವಿನಾಗ ಒಂದ ಪ್ರೋಟೀನ್ ಐತ್ರಿ. ನಾವು ನುಂಗಿದ ಔಷಧಾನ ಅದು ಹೊರಗ ಚೆಲ್ಲತೈತಿ. ಅದರ ಆಕಾರ ನೋಡಬೇಕಂದ್ರ ಅದು ಸಕ್ರಿಹಂಗ ಹರಳು ಕಟ್ಟಬೇಕು, ಆ ಹರಳಿನಾಗ ಎಕ್ಸ್-ರೇ ಹಾಯಿಸಬೇಕ್ರಿ. ಆದ್ರ ಒಂದ ಕಡೆ ನಿಲ್ಲಂಗಿಲ್ಲ, ಮೈ ತಿರುಚತೈತಿ. ರೋಗದ ಜೋಡಿ ಹೊಡೆದಾಡೋ ಪ್ರತಿಕಾಯ ನಮ್ಮ ರಕ್ತದಾಗ ಇರತಾವಲ್ರಿ, ಅಂಥಾದ್ದೊಂದರ ಸಣ್ಣ ತುಣುಕ ತಗೊಂಡು, ತಿದ್ದಿ ತಿದ್ದಿ, ಆ ಪ್ರೋಟೀನನ್ನ ಗಟ್ಟಿಯಾಗಿ ಹಿಡಿಯೋಹಂಗ ಮಾಡೀನ್ರಿ."

"ಅಂದ್ರ ಔಷಧ ಸಿಕ್ಕಂಗಾತು?"

"ಇಲ್ರಿ, ಅದಕ್ಕಿನ್ನೂ ಭಾಳ ವರ್ಷ ಬೇಕು. ಆದ್ರ ಈ ಪ್ರೋಟೀನಿನ ಮಾರಿ ಇಲ್ಲೀತನಕ ಯಾರೂ ನೋಡಿದ್ದಿಲ್ಲ."

"ಕೇಳಿದೇನೋ ದಸ್ತಗೀರ? ಜಗತ್ತಿನ್ಯಾಗ ಯಾರೂ ನೋಡದ್ದನ್ನ ನಿನ್ನ ಮಗಳು ತೋರಸಾಕತ್ತಾಳ!" ರಾವಸಾಹೇಬರು ಟೊಪ್ಪಿಗೆ ತೆಗೆದು ಎದೆಗೊತ್ತಿಕೊಂಡರು.

ದಸ್ತಗೀರ ಸುತ್ತಿಗೆ ಒರೆಸಿ ಕೆಳಗಿಟ್ಟ. ಆಮೇಲೆ ಕೇಳಿದ, "ಆ ತುಣುಕ ಒಮ್ಮಿಗೇ ಹಿಡೀತೇನು?"

"ಇಲ್ಲ ಅಬ್ಬಾ. ಮೂರು ವರ್ಷ ಹಿಡೀತು. ಇದು ಹದಿನೇಳನೇ ತುಣುಕು. ಮೊದಲಿನ ಹದಿನಾರೂ ಕೆಟ್ಟುವು. ಹತ್ತಾದ ಮ್ಯಾಲ ಸರ್ ಕೂಡ ಬಿಟ್ಟುಬಿಡು ಅಂದಿದ್ರು."

"ಮನ್ಯಾಗ ಒಮ್ಮಿನೂ ಹೇಳಲಿಲ್ಲ."

"ಹೇಳಿದ್ರ 'ಸಾಕು, ಊರಿಗೆ ಬಾ' ಅಂತಿದ್ರಿ."

ದಸ್ತಗೀರ ತಲೆಯೆತ್ತಿ, ಹಗ್ಗ ಉಜ್ಜಿ ಕೆಂಪಾದ ಅವಳ ಅಂಗೈಗಳನ್ನು ನೋಡಿದ.

"ಇಲ್ಲ ಬೇಟಾ. ಹದಿನೇಳನೇದು ಮಾಡು ಅಂತಿದ್ನಿ."