ಚೌಕಟ್ಟಿನ ಗೀರು

ಬಾಗಿಲ ಚೌಕಟ್ಟಿನ ಗೀರು ಇಂಜಿನಿಯರ್ ಅನುಷಾಳ ಮೊಣಕಾಲಿಗಷ್ಟೇ ಬಂತು. ತುಂಗಭದ್ರೆಯ ಹಿಂದಿನ ಮಹಾಪೂರ ಮುಟ್ಟಿದ ಗುರುತದು. ಜಗತ್ತಿನ ನದಿಗಳನ್ನೆಲ್ಲ ಅಳೆಯುವ ಕಂಪ್ಯೂಟರ್ ನಕ್ಷೆಯಲ್ಲಿ ಮಾತ್ರ ಅಂಥ ನೆರೆಗೆ ದಂಡೆಯ ಈ ಮನೆಗಳು ಸೂರು ದಾಟಿ ಮುಳುಗಿದ್ದವು. ನಕ್ಷೆಯೇ ತಪ್ಪೆಂದುಕೊಂಡ ಅನುಷಾ, ಡ್ಯಾಮಿನ ಗೇಟು ತೆಗೆದ ಸುದ್ದಿ ಕೇಳಿ ಟ್ರ್ಯಾಕ್ಟರಿಗೆ ಸಾಮಾನು ಹೇರುತ್ತಿದ್ದವರಿಗೆ ಕೂಗಿ ಹೇಳಿದಳು: “ಇಳಸ್ರಿ, ಏನೂ ಆಗಂಗಿಲ್ಲ!”

“ನಮ್ಮತ್ತಿ ಕುಡಗೋಲಿಲೆ ಕೊರದಿದ್ದರಿ ಅದು,” ಮನೆಯೊಡತಿ ಯಂಕವ್ವ ಚೌಕಟ್ಟು ಸವರಿದಳು. “ಪಾಲಾದಾಗ ಹಳೇ ಮನಿ ಮೈದುನಗ ಹೋತು. ನಮ್ಮ ಪಾಲಿಗೆ ಬಂದ ಈ ಬಾಗ್ಲಾ ಕಿತ್ಗೊಂಡು ಬಂದು ಇಲ್ಲಿ ಕೂಡ್ರಿಸೇವಿ.”

“ಹಳೇ ಮನಿ ಎಲ್ಲೈತವ್ವಾ?”

ಯಂಕವ್ವ ದಿನ್ನೆಯ ತುದಿಗೆ ಬೆರಳು ತೋರಿಸಿದಳು. ಅನುಷಾ ತಲೆ ಎತ್ತಿದಳು, ಇನ್ನೂ ಎತ್ತಿದಳು. ಆ ಮನೆಯ ಹೊಸ್ತಿಲೇ ಈ ಸಾಲಿನ ಸೂರುಗಳಿಗಿಂತ ಮೇಲಿತ್ತು. ಅವಳ ಬೆನ್ನ ಹಿಂದೆ, ಟ್ರ್ಯಾಕ್ಟರಿನಿಂದ ಕಡೆಯ ಮಂಚವೂ ಇಳಿಯಿತು.