ಬೋರ್ಡಿಗೊಂದು ಹೆಸರು

"ಬೇಗ ಹೇಳ್ರಪ್ಪಾ, ಬಣ್ಣ ಒಣಗ್ತಾ ಇದೆ!" ಎಂದು ಬೋರ್ಡ್ ಬರೆಯುವವನು ಏಣಿಯ ತುದಿಯಿಂದ ಕೂಗಿದ. ಅವನ ಕುಂಚದಿಂದ ಕೆಂಪು ಹನಿಯೊಂದು ಹೊಸ ಬಾಗಿಲಿನ ಮೇಲೆ ತೊಟ್ಟಿಕ್ಕಿತು. ರಿಪೇರಿಯಾದ ಹೆಂಡದಂಗಡಿ ಇವತ್ತು ಮತ್ತೆ ತೆರೆಯುತ್ತದೆಂದು ಹಳೇ ಗಿರಾಕಿಗಳೆಲ್ಲ ಬೀದಿಯಲ್ಲೇ ಜಮಾಯಿಸಿದ್ದರು. ಬೋರ್ಡ್ ಮಾತ್ರ ಇನ್ನೂ ಖಾಲಿ.

"ಪಬ್ ಅಂತ ಬರಿ, ಹುಡುಗರು ಮುಗಿಬೀಳ್ತಾರೆ!" ಎಂದ ಚಿಕ್ಕ ತಮ್ಮ.

"ಪಬ್ ಅಂತ ಕಂಡ್ರೆ ನಮ್ಮೋರು ಜೇಬು ಮುಟ್ಟಿ ನೋಡ್ಕೊಂಡು ಮುಂದೆ ಹೋಗ್ತಾರೆ. ಬಾರ್ ಅಂತ ಬರಿ!" ಎಂದ ದೊಡ್ಡ ತಮ್ಮ.

"ನಿಮ್ಮಪ್ಪ ಇಟ್ಟಿದ್ದು ಗಡಂಗು ಕಣ್ರೋ!" ಎಂದು ಸೋದರಮಾವ ನಡುವೆ ಬಾಯಿ ಹಾಕಿದ. ಅಪ್ಪ ಹೋದ ಮೇಲೆ ಗಲ್ಲಾದಿಂದ ಗ್ಲಾಸಿನವರೆಗೆ ಎಲ್ಲವನ್ನೂ ನೋಡಿಕೊಂಡವಳು ಈ ತಮ್ಮಂದಿರ ಅಕ್ಕ. ಅವಳು ಒಳಗೆ ಗ್ಲಾಸು ಒರೆಸುತ್ತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ಅಷ್ಟರಲ್ಲಿ ಗುಂಪಿನಲ್ಲಿದ್ದ ಮುದಿ ದರ್ಜಿಯ ಫೋನು ಅರಚಿತು. ಹೆಂಡತಿ ಎಲ್ಲಿದ್ದೀಯಾ ಎಂದು ಗದರಿದ್ದು ಸುತ್ತಲಿನವರಿಗೂ ಕೇಳಿಸಿತು. "ಇನ್ನೆಲ್ಲಿರ್ತೀನಿ ಮಾರಾಯ್ತಿ? ಅಕ್ಕನ ಅಂಗಡೀಲಿ!" ಎಂದ ದರ್ಜಿ.

ಬೀದಿಗೆ ಬೀದಿಯೇ ಹೋ ಎಂದಿತು. ಬೋರ್ಡಿನವನು ಮತ್ತೆ ಯಾರನ್ನೂ ಕೇಳಲಿಲ್ಲ. 'ಅಕ್ಕನ ಅಂಗಡಿ' ಎಂದು ಈ ತುದಿಯಿಂದ ಆ ತುದಿಗೆ ಬರೆದೇಬಿಟ್ಟ. ಗದ್ದಲ ಕೇಳಿ ಹೊರಗೆ ಬಂದ ಅಕ್ಕ ತಲೆಯೆತ್ತಿ ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ಒರೆಸುವ ಬಟ್ಟೆಯನ್ನು ಚಿಕ್ಕ ತಮ್ಮನ ಹೆಗಲಿಗೆ ಎಸೆದು ಹೇಳಿದಳು:

"ಗ್ಲಾಸು ಇನ್ನೂ ಉಳಿದಿವೆ, ಒರ್ಸೋಗು. ಏಣಿ ತೆಗೀರೋ, ನನ್ನ ಗಿರಾಕಿಗಳು ಒಳಗೆ ಬರ್ಲಿ!"